ಒಳಗಿನ ಸಾರಣೆ

ಹರದನಹಳ್ಳಿಯಲ್ಲಿ ಯಾರ ಮನೆ ಗೋಡೆಗೆ ಬೆನ್ನು ಕೊಟ್ಟು ಕೂತರೂ ನಮ್ಮ ಭಾವನ ಕಾಲಿಗೆ ಒರಗಿ ಕೂತ ಹಾಗೆಯೇ ಲೆಕ್ಕ. ಇದನ್ನು ನಾನು ಊರಿನವರ ಮುಖಕ್ಕೇ ಹೇಳಿದ್ದೇನೆ. ಒಬ್ಬಿಬ್ಬರು ಮುಖ ಸಿಂಡರಿಸಿದರು. ಸಿಂಡರಿಸಿಕೊಳ್ಳಲಿ, ನನಗೇನು. ಆ ಗೋಡೆಗಳ ಮಣ್ಣು ತುಳಿದವನು ದ್ಯಾವಯ್ಯ, ನಮ್ಮ ಅಕ್ಕ ಮುದ್ದಮ್ಮನ ಗಂಡ. ಅವನು ತುಳಿದ ಮಣ್ಣಿನ ಒಳಗೆ ಅವರು ಉಂಡರು, ಮಲಗಿದರು, ಬಾಣಂತನ ಮಾಡಿದರು. ಗೋಡೆ ಎದ್ದು ನಿಂತ ಮೇಲೆ ಭಾವ ಮಾತ್ರ ಹೊಸಿಲು ದಾಟುವ ಹಾಗಿರಲಿಲ್ಲ. ಅಂಗಳದಲ್ಲೇ ನಿಂತು ಕೂಲಿ ಈಸಿಕೊಂಡು ಕೇರಿಗೆ ಬರುತ್ತಿದ್ದ.

ಮಣ್ಣಿನ ಗೋಡೆ ಹೇಗೆ ಏಳುತ್ತಿತ್ತು ಎಂದು ಈಗಿನವರಿಗೆ ಗೊತ್ತಿಲ್ಲ. ಕೆಮ್ಮಣ್ಣು, ಕೆರೆಯ ಗೋಡುಮಣ್ಣು ಎರಡನ್ನೂ ಗುಂಡಿಗೆ ಸುರಿದು ಸಂಜೆ ನೀರು ಬಿಟ್ಟು ನೆನೆಹಾಕುತ್ತಿದ್ದರು. ಬೆಳಿಗ್ಗೆ ಮೈ ನಡುಗುವ ಚಳಿಯಲ್ಲಿ ಗುಂಡಿಗೆ ಇಳಿದು, ಹುಲ್ಲಿನ ಚೂರು ಎರಚಿಕೊಂಡು, ಹದ ಬರುವ ತನಕ ತುಳಿಯಬೇಕು. ತುಳಿಯುವುದೆಂದರೆ ಬರೀ ಕಲೆಸುವುದಲ್ಲ. ಮಣ್ಣಿನೊಳಗೆ ಹರಳುಕಲ್ಲೋ ಬೇರೋ ಒಡೆದ ಹೆಂಚಿನ ಚೂರೋ ಇದ್ದರೆ ಅಂಗಾಲಿಗೆ ಸಿಕ್ಕಬೇಕು, ಬಗ್ಗಿ ಹೆಕ್ಕಿ ಆಚೆಗೆ ಎಸೆಯಬೇಕು. ಕಲ್ಲು ಒಳಗೇ ಉಳಿದರೆ ಗೋಡೆ ಒಣಗುವಾಗ ಅಲ್ಲೇ ಬಿರಿಯುತ್ತದೆ, ಮಳೆಗಾಲದಲ್ಲಿ ಅಲ್ಲೇ ನೀರು ಕುಡಿಯುತ್ತದೆ. ಭಾವ ತುಳಿದ ಗೋಡೆ ಬಿರಿಯುತ್ತಿರಲಿಲ್ಲ. ಅದಕ್ಕೇ ಹೊಳೆನರಸೀಪುರದ ಆಚೆ ಕಡೆಯಿಂದಲೂ ಅವನನ್ನು ಕರೆಯಲು ಬರುತ್ತಿದ್ದರು.

ಈ ಕೆಲಸಕ್ಕೆ ಒಂದು ಪದ್ಧತಿ ಇತ್ತು. ಕೂಲಿಯ ಜೊತೆಗೆ ಆಳಿಗೊಂದು ಕಟ್ಟು ಬೀಡಿ ಕೊಡಬೇಕು. ಜಗಲಿಯ ಮೇಲಿಂದ ಯಜಮಾನರು ಬೀಡಿಕಟ್ಟು ಎಸೆದರೆ ಇವರು ಕೆಸರುಗೈಯಲ್ಲೇ ಹಿಡಿದುಕೊಳ್ಳುತ್ತಿದ್ದರು. ಗುಂಡಿಯಿಂದ ಎದ್ದು ಸ್ವಲ್ಪ ಹೊತ್ತು ಕೂರಬೇಕೆಂದರೆ ಬೀಡಿ ಹಚ್ಚಬೇಕು. ಬೀಡಿ ಹಚ್ಚಿದವನನ್ನು ಯಾರೂ ಎಬ್ಬಿಸುತ್ತಿರಲಿಲ್ಲ, ಸುಮ್ಮನೆ ಕೂತವನನ್ನು ಮೈಗಳ್ಳ ಎನ್ನುತ್ತಿದ್ದರು. ಹೀಗಿರುವಾಗ ಯಾರು ತಾನೆ ಸೇದುವುದಿಲ್ಲ? ನಮ್ಮ ಭಾವ ಮೀಸೆ ಮೂಡುವ ಮೊದಲೇ ಶುರು ಮಾಡಿದ್ದ. ಕೆಸರಿನಲ್ಲಿ ಕಾಲು ಮರಗಟ್ಟಿದರೆ ಬೀಡಿಯ ಕಾವು ಪಾದದ ತನಕ ಇಳಿಯುತ್ತದೆ ಎಂದು ಅವನು ನಂಬಿದ್ದ. ಅವನೊಬ್ಬನೇ ಅಲ್ಲ, ಗುಂಡಿಗೆ ಇಳಿಯುವವರೆಲ್ಲ ಹಾಗೇ ನಂಬಿದ್ದರು.

ನಾನು ಮಲ್ಲಿಗಮ್ಮ, ಮುದ್ದಮ್ಮನ ತಂಗಿ. ನಮ್ಮ ಕೇರಿಯಲ್ಲಿ ಲೋಯರ್ ಸೆಕೆಂಡರಿ ಪಾಸು ಮಾಡಿದ ಮೊದಲ ಹೆಣ್ಣು. ನಮ್ಮಪ್ಪ ನನ್ನನ್ನು ಕುರಿ ಕಾಯಲು ಹಾಕುವವನಿದ್ದ. ಭಾವ ಹೊಸದಾಗಿ ಮದುವೆಯಾಗಿ ಬಂದವನು, ಮಾವನ ಎದುರು ಮಾತಾಡಲು ಹಿಂಜರಿಯಬೇಕಾದವನು, "ಇವ್ಳ ಬಾಯಿ ನೋಡಿದ್ರೆ ಕುರಿಗಳೇ ಓಡೋಯ್ತವೆ ಮಾವ, ಇಸ್ಕೂಲಿಗೆ ಕಳ್ಸು" ಎಂದು ತಾನೇ ಕೈ ಹಿಡಿದುಕೊಂಡು ಹೊಳೆನರಸೀಪುರಕ್ಕೆ ಕರೆದುಕೊಂಡು ಹೋಗಿ ಸೇರಿಸಿದ. ಆಮೇಲೆ ಮೈಸೂರಿನಲ್ಲಿ ದಾದಿ ತರಬೇತಿ ಮುಗಿಸಿ ನಾನು ಹಾಸನದ ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆ ಸೇರಿದೆ. ರಜಾದಲ್ಲಿ ಊರಿಗೆ ಬಂದರೆ ಭಾವ ಕೇರಿಯವರಿಗೆಲ್ಲ ಕೇಳುವ ಹಾಗೆ, "ನಮ್ ನಾದ್ನಿ ಬಂದವ್ಳೆ, ರೋಗ ಇರೋರೆಲ್ಲ ಬಚ್ಚಿಟ್ಕಳಿ, ಬಯ್ದೇ ವಾಸಿ ಮಾಡ್ಬುಡ್ತಾಳೆ" ಎನ್ನುತ್ತಿದ್ದ. ನಾನೇನು ಸುಮ್ಮನಿರುತ್ತಿದ್ದೆನೆ. "ಮೊದ್ಲು ನಿನ್ ಬಾಯಿಂದ ಆ ಕೊಳ್ಳಿ ತಗಿ ಬಾವ" ಎನ್ನುತ್ತಿದ್ದೆ. ಅದು ತಮಾಷೆಯ ಮಾತಾಗಿತ್ತು.

ಅರವತ್ತೊಂದನೆಯ ಇಸವಿಯ ಮಳೆಗಾಲದಲ್ಲಿ ಕೃಷ್ಣಪ್ಪನವರ ಹೊಸ ಕೊಟ್ಟಿಗೆಯ ಗೋಡೆ ಬಿರಿಯಿತು. ಊರಿನ ದೊಡ್ಡ ಹಿಡುವಳಿದಾರರು ಅವರು. ಭಾವನನ್ನು ಕರೆಸಿ, "ಏನ್ಲಾ ದ್ಯಾವ, ನಿದ್ದೆಗಣ್ಣಲ್ಲಿ ತುಳ್ದಾ?" ಎಂದು ಕೇಳಿದರು. ಭಾವ ಬಿರುಕಿನೊಳಗೆ ಬೆರಳು ಹಾಕಿ ಕೆದಕಿದ. ಹುಣಸೆಬೀಜದಂಥ ಒಂದು ಕಲ್ಲು ಸಿಕ್ಕಿತು. ಇನ್ನೊಂದು ಬಿರುಕಿನಲ್ಲಿ ಅದಕ್ಕಿಂತ ದೊಡ್ಡದು. ಎರಡನ್ನೂ ಮನೆಗೆ ತಂದು ಅಕ್ಕನ ಮುಂದೆ ಇಟ್ಟ. "ಮುದ್ದಿ, ಈ ಕಲ್ಲು ನನ್ ಕಾಲಿಗೆ ಸಿಕ್ಕೇ ಇಲ್ಲ ಕಣೆ" ಎಂದ. ಬೈಗುಳ ತಿಂದದ್ದು ಅವನಿಗೆ ದೊಡ್ಡದಾಗಿರಲಿಲ್ಲ, ಕಾಲಿಗೆ ಕಲ್ಲು ಸಿಕ್ಕದೆ ಹೋಯಿತಲ್ಲ ಎನ್ನುವುದು ದೊಡ್ಡದಾಗಿತ್ತು.

ಅಕ್ಕ ಪಾದ ಹಿಡಿದು ನೋಡಿದಳು. ಎಡಗಾಲು ನೀರುಗುಂಡಿಯಿಂದ ಈಗ ತಾನೆ ತೆಗೆದ ಹಾಗೆ ತಣ್ಣಗಿತ್ತು. ಉಂಗುಷ್ಠದ ತುದಿ ನೀಲಿಗಟ್ಟಿತ್ತು. ಕೇಳಿದರೆ ಒಂದೊಂದೇ ಹೊರಗೆ ಬಂತು: ಹೊಳೆನರಸೀಪುರದ ಸಂತೆಗೆ ನಡೆದರೆ ಅರ್ಧ ದಾರಿಗೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ, ಮಲಗಿದರೆ ಪಾದ ಉರಿಯುತ್ತದೆ, ಜಗಲಿಯಿಂದ ಕೆಳಗೆ ಇಳಿಬಿಟ್ಟರೆ ತಡೆಯಬಹುದು. ಒಂದು ವರ್ಷದಿಂದ ಹೀಗಂತೆ. ಕಾಲು ತಣ್ಣಗಾದಷ್ಟೂ ಕಾವು ಬೇಕೆಂದು ಅವನು ಬೀಡಿ ಹೆಚ್ಚು ಮಾಡಿದ್ದ. ನನಗೆ ಹೇಳಿ ಕಳಿಸಿದಾಗ ನನ್ನ ಪಿತ್ತ ನೆತ್ತಿಗೇರಿತು. ಆಸ್ಪತ್ರೆಯಲ್ಲಿ ಸ್ವಂತ ನಾದಿನಿ ಇಟ್ಟುಕೊಂಡು ಒಂದು ವರ್ಷ ಬಾಯಿ ಮುಚ್ಚಿಕೊಂಡಿರುವ ಗಂಡಸಿಗೆ ಏನು ಹೇಳುವುದು.

ಇಬ್ಬರೂ ರೈಲು ಹತ್ತಿ ಹಾಸನಕ್ಕೆ ಬಂದರು. ನಮ್ಮ ಡಾಕ್ಟರು ಪರಮಶಿವಯ್ಯನವರು. ಮಿತಭಾಷಿ, ಆದರೆ ಬಡವರ ಮೈ ಮುಟ್ಟಿ ನೋಡುತ್ತಿದ್ದ ಮನುಷ್ಯ, ಆ ಕಾಲಕ್ಕೆ ಅದೇ ದೊಡ್ಡದು. ಭಾವನ ಪಾದದ ಮೇಲೆ, ಗಿಣ್ಣಿನ ಹಿಂದೆ, ಮಂಡಿಯ ಸಂದಿಯಲ್ಲಿ ಬೆರಳಿಟ್ಟು ಬಹಳ ಹೊತ್ತು ನೋಡಿದರು. "ನೀನೂ ನೋಡು ಸಿಸ್ಟರ್" ಎಂದರು. ಪಾದದ ಮೇಲೆ ನಾಡಿ ಬಡಿಯಬೇಕಾದ ಜಾಗದಲ್ಲಿ ನನ್ನ ಬೆರಳಿಗೆ ಏನೂ ಸಿಗಲಿಲ್ಲ. ಕಾಲು ಮೇಲಕ್ಕೆತ್ತಿ ಹಿಡಿದರೆ ಬೂದಿಯ ಬಣ್ಣಕ್ಕೆ ತಿರುಗಿತು, ಇಳಿಬಿಟ್ಟರೆ ಕೆಂಪಗಾಯಿತು. ನಾನು ನಕ್ಕುಕೊಂಡೇ ಬೆರಳು ತೆಗೆದೆ, ಭಾವ ನನ್ನ ಮುಖವನ್ನೇ ನೋಡುತ್ತಿದ್ದನಲ್ಲ.

ಡಾಕ್ಟರು ಅಕ್ಕನನ್ನು ಕೇಳಿದರು, "ನೀನೇನು ಕೆಲಸ ಮಾಡ್ತೀಯಮ್ಮ?"

"ಗೋಡೆ ಸಾರಿಸ್ತೀನಿ ಬುದ್ದಿ. ಇವ್ರು ಎಬ್ಬಿಸ್ತಾರೆ, ನಾನು ಸಾರಿಸ್ತೀನಿ."

"ಹಾಗಾದ್ರೆ ನಿನಗೆ ಹೇಳೋದು ಸುಲಭ" ಎಂದರು. "ರಕ್ತ ಹರಿಯೋ ಕೊಳವೆ ಇರ್ತಾವಲ್ಲ, ಅದರ ಒಳಗೋಡೆಗೂ ಒಂದು ಸಾರಣೆ ಇದೆ. ಈರುಳ್ಳಿ ಪೊರೆಗಿಂತ ತೆಳು. ಅದು ನುಣ್ಣಗೆ ಇರೋ ತನಕ ರಕ್ತ ಎಲ್ಲೂ ಅಂಟಿಕೊಳ್ಳದೆ ಹರೀತಾ ಹೋಗುತ್ತೆ. ಇವನ ಕಾಲಿನಲ್ಲಿ ಆ ಸಾರಣೆ ಕೆಟ್ಟು ಊದಿಕೊಂಡಿದೆ. ಕೆಟ್ಟ ಕಡೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಕೊಂಡಿದೆ. ಅದಕ್ಕೇ ಪಾದಕ್ಕೆ ರಕ್ತ ಇಳೀತಾ ಇಲ್ಲ."

"ಕಿತ್ತೋದ್ರೆ ಮತ್ತೆ ಸಾರ್ಸದು ತಾನೆ ಬುದ್ದಿ" ಎಂದಳು ಅಕ್ಕ. "ನಾನು ಹಬ್ಬ ಬಂದಾಗೆಲ್ಲ ಸಾರಿಸ್ತೀನಿ."

"ಅಲ್ಲಿಗೆ ನಿನ್ನ ಕೈಯೂ ಹೋಗಲ್ಲ, ನನ್ನ ಕೈಯೂ ಹೋಗಲ್ಲಮ್ಮ. ಮೈ ತಾನೇ ಸಾರಿಸ್ಕೋಬೇಕು. ಅದನ್ನ ಕೆಡಿಸ್ತಾ ಇರೋದು ಬೀಡಿ. ಬೀಡಿ ನಿಂತರೆ ಉಳಿದಿರೋದು ಉಳಿಯುತ್ತೆ. ಸೇದಿದರೆ ಕಾಲು ಹೋಗುತ್ತೆ. ಇದರಲ್ಲಿ ಚೌಕಾಸಿ ಇಲ್ಲ."

ಈಗ ನಾನು ಕೆಲಸದಿಂದ ನಿವೃತ್ತಳಾಗಿ ಎಷ್ಟೋ ವರ್ಷವಾಯಿತು. ಚಿಕ್ಕ ವಯಸ್ಸಿನ ಡಾಕ್ಟರುಗಳು ಹೇಳುತ್ತಾರೆ, ಆ ಪೊರೆ ಬರೀ ಪೊರೆಯಲ್ಲ, ನಾಳವನ್ನು ಹಿಗ್ಗಿಸುವುದೂ ಕುಗ್ಗಿಸುವುದೂ ರಕ್ತ ಹೆಪ್ಪುಗಟ್ಟದಂತೆ ಕಾಯುವುದೂ ಅದೇ ಅಂತೆ. ಆಗ ಪರಮಶಿವಯ್ಯನವರಿಗೂ ಅಷ್ಟು ಗೊತ್ತಿರಲಿಲ್ಲ. ಗೊತ್ತಿದ್ದರೂ ಅದನ್ನು ಸಾರಿಸುವ ಕೈ ಯಾರಿಗಿತ್ತು? ಅವರು ಮಾತ್ರೆ ಕೊಟ್ಟರು, ಕಾಲಿಗೆ ಗಾಯವಾಗದಂತೆ ಮೆತ್ತನೆಯ ಕೆರ ಹಾಕಿಕೊಳ್ಳಲು ಹೇಳಿದರು, ಬೀಡಿ ಮುಟ್ಟುವುದಿಲ್ಲ ಎಂದು ಆಣೆ ಮಾಡಿಸಿಕೊಂಡು ಕಳಿಸಿದರು.

ಭಾವ ಆಣೆ ಉಳಿಸಿಕೊಂಡ. ಇದನ್ನು ನಾನು ಎದೆ ತಟ್ಟಿಕೊಂಡು ಹೇಳುತ್ತೇನೆ, ಏಕೆಂದರೆ ಮುಂದೆ ಯಾರೂ ನಂಬಲಿಲ್ಲ. ಮೊದಲ ವಾರ ಅವನು ಮನುಷ್ಯನ ಹಾಗಿರಲಿಲ್ಲ ಎಂದು ಅಕ್ಕ ಹೇಳುತ್ತಿದ್ದಳು. ಉಂಬುವ ತಣಿಗೆ ಎಸೆದನಂತೆ. ಜಗಲಿಯ ಕಂಬಕ್ಕೆ ಹಣೆ ಒತ್ತಿಕೊಂಡು ಕೂತಿರುತ್ತಿದ್ದನಂತೆ. ಮಣ್ಣಿನ ಗುಂಡಿಯ ಹತ್ತಿರ ಉಳಿದವರೆಲ್ಲ ಬೀಡಿ ಹಚ್ಚಿ ಕೂತರೆ, ಮೇಸ್ತ್ರಿ ಕೆಂಚಯ್ಯ, "ನೀನು ಸೇದಲ್ವಲ್ಲ ದ್ಯಾವಣ್ಣ, ತುಳೀತಿರು" ಎನ್ನುತ್ತಿದ್ದ. ಬೀಡಿಯ ಜೊತೆಗೆ ಕೂರುವ ಹಕ್ಕೂ ಹೋಯಿತು. ಕೆರದ ಕತೆ ಇನ್ನೊಂದು. ಮೊಸಳೆ ಎಂಬ ಊರಿನ ಕಡೆಯ ಮಾದಿಗರ ಮನೆಯಲ್ಲಿ ಹೇಳಿ ಮೆತ್ತನೆಯ ಕೆರ ಹೊಲಿಸಿದೆವು. ಆದರೆ ಊರೊಳಗಿನ ಬೀದಿಯಲ್ಲಿ ನಮ್ಮವರು ಕೆರ ಮೆಟ್ಟಿ ನಡೆಯುವ ಹಾಗಿರಲಿಲ್ಲ. ಬೀದಿಯ ತಲೆಯಲ್ಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಆ ತುದಿಯಲ್ಲಿ ಮತ್ತೆ ಹಾಕಿಕೊಳ್ಳುತ್ತಿದ್ದ. ಕಲ್ಲುಮುಳ್ಳು ಇದ್ದದ್ದೆಲ್ಲ ಆ ಬೀದಿಯಲ್ಲೇ. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ತುಳಿಯುವ ಕೆಲಸ ದಿನ ಬಿಟ್ಟು ದಿನವಾಗಿ, ಆಮೇಲೆ ನಿಂತೇ ಹೋಯಿತು. ಅಕ್ಕ ಅರಕಲಗೂಡು ಕಡೆಗೆ ಕೆಲಸಕ್ಕೆ ಹೊರಟಳು. ಅಲ್ಲಿ ಹೊಗೆಸೊಪ್ಪು ಬೆಳೆದು, ಬ್ಯಾರನ್ ಎನ್ನುವ ಎತ್ತರದ ಮನೆಗಳಲ್ಲಿ ಬೆಂಕಿಯ ಕಾವು ಕೊಟ್ಟು ಬೇಯಿಸುತ್ತಿದ್ದರು. ಹೆಂಗಸರದು ಹಸಿ ಎಲೆಯನ್ನು ಕಡ್ಡಿಗೆ ಪೋಣಿಸಿ ಕಟ್ಟುವ ಕೆಲಸ. ಸುಗ್ಗಿಯಲ್ಲಿ ಅಲ್ಲೇ ಶೆಡ್ಡಿನಲ್ಲಿ ಮಲಗಿದ್ದು ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದಳು. ಬಂದಾಗ ಅವಳ ಕೈ ಅಂಟಂಟಾಗಿ ಕಪ್ಪಗಿರುತ್ತಿತ್ತು, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ.

ನಾನು ರಜಾಕ್ಕೆ ಹೋದಾಗ ಭಾವನ ಅಂಗಿ ಮೂಸಿ ನೋಡುತ್ತಿದ್ದೆ, ಬೆರಳು ಮೂಸಿ ನೋಡುತ್ತಿದ್ದೆ. ಬೀಡಿಯ ವಾಸನೆಯೇ ಇರಲಿಲ್ಲ. "ಪೋಲೀಸ್ನೋರೂ ಇಂಗೆ ನೋಡಲ್ಲ ಕಣಮ್ಮಿ" ಎಂದು ಭಾವ ನಗುತ್ತಿದ್ದ. ಅಕ್ಕ ಕೇರಿಯ ಹೆಂಗಸರ ಮುಂದೆ ಹಿಗ್ಗಿ ಹೀರೇಕಾಯಿಯಾಗುತ್ತಿದ್ದಳು. "ನನ್ ಗಂಡ ಬೀಡಿ ಬುಟ್ಟ. ನಾನೇ ಬುಡ್ಸಿದ್ದು. ಆಸೆ ಆದಾಗೆಲ್ಲ ಎಲೆಅಡಿಕೆ ಮಡ್ಸಿ ಬಾಯಿಗಿಡ್ತೀನಿ, ಮಗಿಗೆ ಆಲು ಕುಡ್ಸಿದಂಗೆ" ಎನ್ನುತ್ತಿದ್ದಳು. ಮಕ್ಕಳಿಲ್ಲದ ಅಕ್ಕ ಅವಳು. ಅವಳ ಮುಖದಲ್ಲಿ ಅಂಥ ಹೆಮ್ಮೆಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಅಷ್ಟು ಮಾಡಿಯೂ ಕಾಲು ಉಳಿಯಲಿಲ್ಲ. ಊರ ಬೀದಿಯಲ್ಲಿ ಎಡವಿದ ಒಂದು ಸಣ್ಣ ಗಾಯ ಮಾಯಲಿಲ್ಲ. ಉಂಗುಷ್ಠ ಕಪ್ಪಾಯಿತು, ಪಕ್ಕದ ಬೆರಳು ಕಪ್ಪಾಯಿತು, ವಾಸನೆ ಶುರುವಾಯಿತು. ಗಾಡಿಯಲ್ಲಿ ಮಲಗಿಸಿಕೊಂಡು ಸ್ಟೇಷನ್ನಿಗೆ ತಂದು ಹಾಸನಕ್ಕೆ ಕರೆತಂದರು. ಪರಮಶಿವಯ್ಯನವರು ಪಾದ ನೋಡಿದರು, ಮುಖ ನೋಡಿದರು. "ಸೇದ್ತಾ ಇದೀಯ" ಎಂದರು.

"ಇಲ್ಲ ಸಾ. ಆವತ್ತಿಂದ ಮುಟ್ಟಿಲ್ಲ ಸಾ."

"ಸುಳ್ಳು ಹೇಳಬೇಡ. ನಿಲ್ಲಿಸಿದವನಿಗೆ ಹೀಗೆ ಏರಲ್ಲ."

ಭಾವ ಅಕ್ಕನ ತಲೆ ಮುಟ್ಟಿ ಆಣೆ ಮಾಡಿದ. ಡಾಕ್ಟರು ತಲೆ ಅಲ್ಲಾಡಿಸಿ ಮುಂದಿನ ಮಂಚಕ್ಕೆ ಹೋದರು. ನನಗೆ ತಡೆಯಲಾಗಲಿಲ್ಲ. ಹಿಂದೆಯೇ ಹೋಗಿ ವಾರ್ಡಿನ ಬಾಗಿಲಲ್ಲಿ ನಿಲ್ಲಿಸಿ, "ಸಾರ್, ನಮ್ಮ ಭಾವ ಸುಳ್ಳು ಹೇಳೋ ಜಾತಿಯಲ್ಲ. ನೀವು ಬೇಕಾದರೆ ನನ್ನ ಕೆಲಸ ತೆಗೀರಿ, ಅವನನ್ನ ಸುಳ್ಳ ಅನ್ನಬೇಡಿ" ಎಂದುಬಿಟ್ಟೆ. ಒಬ್ಬ ದಾದಿ ಡಾಕ್ಟರಿಗೆ ಹಾಗೆ ಹೇಳುವ ಕಾಲವಲ್ಲ ಅದು. ಅವರು ಸಿಟ್ಟಾಗಲಿಲ್ಲ. "ನಂಬೋಕೆ ನನಗೂ ಇಷ್ಟಾನೇ ಸಿಸ್ಟರ್. ಆದರೆ ಕಾಲು ಬೇರೆ ಹೇಳ್ತಿದೆ" ಎಂದರು. ಮಂಡಿಯಿಂದ ಕೆಳಗೆ ಎಡಗಾಲು ತೆಗೆದರು.

ಎಚ್ಚರವಾದ ಮೇಲೆ ಭಾವ ಹೊದಿಕೆಯ ಮೇಲೆ ಕೈಯಾಡಿಸಿ, ಕಾಲು ಮುಗಿಯುವ ಜಾಗ ಹುಡುಕಿ, ಅಲ್ಲೇ ಕೈಯಿಟ್ಟುಕೊಂಡು ಮಲಗಿದ್ದ. ನಾನು ಹತ್ತಿರ ಹೋದೆ. "ಓಗ್ಲಿ ಬುಡು ಕಣಮ್ಮಿ, ಇನ್ಮ್ಯಾಲೆ ಒಂದೇ ಕೆರ ಕೈಲಿಡ್ಕಂಡ್ರೆ ಸಾಕು" ಎಂದ. ನಾನು, "ಅದನ್ನೂ ಬುಟ್ಟು ಬಂದ್ಬುಟ್ಟೀಯ, ಜ್ವಾಪಾನ" ಎಂದು ಬೈದೆ. ಆಮೇಲೆ ಔಷಧದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ನನ್ನನ್ನು ಕೈ ಹಿಡಿದುಕೊಂಡು ಸ್ಕೂಲಿಗೆ ನಡೆಸಿಕೊಂಡು ಹೋದ ಕಾಲು ಅದು.

ಊರಿಗೆ ಹೋದ ಮೇಲೆ ಕಂಕುಳಿಗೆ ಕೋಲು ಕೊಟ್ಟುಕೊಂಡು ನಡೆಯುವುದನ್ನು ಕಲಿತ. ಅಕ್ಕ ಮನೆಯ ಗೋಡೆ ಸಾರಿಸುವಾಗ ಪಕ್ಕದಲ್ಲಿ ಕೂತು, ಕಲೆಸಿದ ಮಣ್ಣನ್ನು ಬೆರಳಲ್ಲಿ ಹಿಸುಕಿ ಹರಳು ಹೆಕ್ಕಿ ಕೊಡುತ್ತಿದ್ದ. ಕಾಲಿನ ಕೆಲಸ ಕೈಗೆ ಬಂತು ಎನ್ನುತ್ತಿದ್ದ. ಬಲಗಾಲು ಒಂದಿದೆಯಲ್ಲ ಎಂದು ನಾವೆಲ್ಲ ಸಮಾಧಾನ ಮಾಡಿಕೊಂಡೆವು. ಅಕ್ಕ ಇನ್ನೂ ಬಿಗಿಯಾದಳು. ಬೀಡಿ ಹಚ್ಚಿದವರನ್ನು ಜಗಲಿಯ ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ. ಬ್ಯಾರನ್ ಕೆಲಸಕ್ಕೆ ಹೋಗುವ ಮುಂಚೆ ವಾರಕ್ಕಾಗುವಷ್ಟು ಎಲೆ, ಅಡಿಕೆ, ಸುಣ್ಣ ಎಲ್ಲ ಭಾವನ ಚೀಲದಲ್ಲಿ ತುಂಬಿಟ್ಟೇ ಹೋಗುತ್ತಿದ್ದಳು.

ಅರವತ್ತನಾಲ್ಕರ ಯುಗಾದಿ ಕಳೆದ ಮೇಲೆ ಬಲಗಾಲಿನ ಕಿರುಬೆರಳಿನಲ್ಲಿ ಹುಣ್ಣಾಯಿತು. ಮತ್ತೆ ಅದೇ ರೈಲು, ಅದೇ ವಾರ್ಡು. ಪರಮಶಿವಯ್ಯನವರು ಈ ಸಲ ಏನೂ ಕೇಳಲಿಲ್ಲ. ಕೇಳದೆ ಇದ್ದದ್ದೇ ಭಾವನಿಗೆ ಹೆಚ್ಚು ಚುಚ್ಚಿತು. "ನೋಡಮ್ಮಿ, ಡಾಕ್ಟ್ರು ನನ್ ಕೈಲಿ ಮಾತೇ ಬುಟ್ಬುಟ್ರು" ಎಂದ.

ಒಂದು ದಿನ ಬೆಳಿಗ್ಗೆ ಡಾಕ್ಟರು ವಾರ್ಡು ನೋಡಲು ಬಂದಿದ್ದರು. ಭಾವನ ಪಕ್ಕದ ಮಂಚದವನ ಹುಣ್ಣು ಕಟ್ಟುತ್ತಿದ್ದೆ, ಅವರು ನನ್ನ ಹಿಂದೆ ನಿಂತಿದ್ದರು. ಅಕ್ಕ ಆಗಷ್ಟೇ ಊರಿಂದ ಬಂದವಳು ಭಾವನ ತಲೆದೆಸೆಯಲ್ಲಿ ಕೂತು ಎಲೆಚೀಲ ಬಿಚ್ಚಿದಳು. ವೀಳ್ಯದೆಲೆಯ ಬೆನ್ನು ಒರೆಸಿದಳು, ಸುಣ್ಣ ಸವರಿದಳು, ಅಡಿಕೆ ಇಟ್ಟಳು. ಆಮೇಲೆ ಸೆರಗಿನ ತುದಿಯ ಗಂಟು ಬಿಚ್ಚಿ, ಕಂದು ಬಣ್ಣದ ಒಣ ಚೂರೊಂದನ್ನು ಮುರಿದು ಅಡಿಕೆಯ ಮೇಲೆ ಇಟ್ಟು ಮಡಿಸಿದಳು. ಭಾವ ಬಾಯಿ ತೆರೆದ. ಅವಳು ಇಟ್ಟಳು.

"ಅಕ್ಕಯ್ಯ, ಅದೇನದು?" ಎಂದೆ.

"ಸೊಪ್ಪು ಕಣೆ. ಬ್ಯಾರನ್‌ದು. ಮುರುಕಲು ಎಲೆ ಇರ್ತದಲ್ಲ, ನಮ್ಗೆ ತಗಂಡೋಗಕ್ಕೆ ಬುಡ್ತಾರೆ" ಎಂದಳು. ಆಮೇಲೆ ಗುಟ್ಟು ಹೇಳುವವಳ ಹಾಗೆ ನಕ್ಕಳು. "ಇದೊಂಚೂರು ಇಲ್ದೆ ಓಗಿದ್ರೆ ನಿಮ್ ಬಾವ ಬೀಡಿ ಬುಡ್ತಿದ್ನಾ? ನಾನು ಬ್ಯಾರನ್‌ಗೆ ಓಗಕ್ಕೆ ಸುರು ಮಾಡ್ದಾಗ್ನಿಂದ ಇದ್ರಲ್ಲೇ ತಡ್ದವ್ನೆ. ಒಗೆ ಇಲ್ಲ ಏನಿಲ್ಲ."

ನನ್ನ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. ನಮ್ಮಲ್ಲಿ ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವುದನ್ನು ಯಾರೂ ಚಟ ಎನ್ನುತ್ತಿರಲಿಲ್ಲ. ಉಂಡ ಮೇಲೆ ಹಾಕುತ್ತಾರೆ, ನೆಂಟರು ಬಂದರೆ ಕೊಡುತ್ತಾರೆ, ಮದುವೆಯ ತಟ್ಟೆಯಲ್ಲಿ ಇಡುತ್ತಾರೆ. ಬೀಡಿ ಬೇರೆ, ಸೊಪ್ಪು ಬೇರೆ. ಬೀಡಿಯೊಳಗಿನ ಪುಡಿಯೂ ಈ ಸೊಪ್ಪೂ ಒಂದೇ ಗಿಡದ್ದು ಎಂಬುದು ಅಕ್ಕನ ತಲೆಗೆ ಬರಲು ದಾರಿಯೇ ಇರಲಿಲ್ಲ. ಬೀಡಿಯನ್ನು ಅವಳು ಅಂಗಡಿಯಲ್ಲಿ ಕಂಡವಳು, ಸೊಪ್ಪನ್ನು ತನ್ನ ಕೈಯಾರೆ ಕಡ್ಡಿಗೆ ಕಟ್ಟಿದವಳು.

ಡಾಕ್ಟರು ಮುಂದೆ ಬಂದರು. ಅಕ್ಕ ಧಡಕ್ಕನೆ ಎದ್ದು ನಿಂತಳು. "ಬಿಸಿನೀರು ಬೇಕಾಗಿತ್ತು, ತರ್ತೀಯೇನಮ್ಮ" ಎಂದು ಅವಳ ಕೈಗೆ ಚೊಂಬು ಕೊಟ್ಟು ಆಚೆಗೆ ಕಳಿಸಿದರು. ಅವಳು ಬಾಗಿಲು ದಾಟುವ ತನಕ ಕಾದು ಸ್ಟೂಲು ಎಳೆದುಕೊಂಡು ಕೂತರು. "ದ್ಯಾವಯ್ಯ, ಬಾಯಲ್ಲಿರೋದನ್ನ ಉಗುಳು" ಎಂದರು. ಭಾವ ತಟ್ಟೆಗೆ ಉಗುಳಿದ. "ನೀನು ಸುಳ್ಳು ಹೇಳಿರಲಿಲ್ಲ. ನಾನು ನಿನ್ನನ್ನ ಅನ್ನಬಾರದಿತ್ತು. ಆದರೆ ಬೀಡಿಯೊಳಗೆ ಇರೋದೂ ಈ ಸೊಪ್ಪೇ. ಸುಟ್ಟು ಒಳಗೆ ತಗೊಂಡರೂ ಅಗಿದು ತಗೊಂಡರೂ ವಿಷ ಹೋಗಿ ಸೇರೋದು ರಕ್ತಕ್ಕೇ. ಅದೇ ಸಾರಣೆನ ಕೆಡಿಸುತ್ತೆ" ಎಂದರು.

ಭಾವ ತಟ್ಟೆಯನ್ನೇ ನೋಡುತ್ತಿದ್ದ. "ಅಂಗಾರೆ ಸಾ, ಆ ಕಾಲು ಓಗಿದ್ದೂ ಇದ್ರಿಂದ್ಲೇಯ?"

ಡಾಕ್ಟರು ಕನ್ನಡಕ ತೆಗೆದರು. "ಇಲ್ಲ ಅಂತ ಹೇಳೋಕೆ ನನಗಾಗಲ್ಲ" ಎಂದರು.

ನಾನು ನೋಡುತ್ತಿದ್ದ ಹಾಗೇ ಭಾವನ ಮುಖ ಕಲ್ಲಿನಂತಾಯಿತು. ಕಾಲಿಗಾಗಿ ಅಳುತ್ತಾನೆ, ಅಕ್ಕನನ್ನು ಬಯ್ಯುತ್ತಾನೆ ಎಂದುಕೊಂಡೆ. ಅವನು ಬಾಗಿಲ ಕಡೆ ನೋಡಿದ. "ಅವ್ಳಿಗೆ ಏಳ್ಬ್ಯಾಡಿ ಸಾ" ಎಂದ. "ನಿಮ್ ಕಾಲಿಗೆ ಬೀಳ್ತೀನಿ. ಅವ್ಳಿಗೆ ಇದು ಗೊತ್ತಾದ್ರೆ ಬಾವಿ ನೋಡ್ಕತಾಳೆ. ನಾನು ಇವತ್ತಿಂದ ಇದ್ನೂ ಬುಟ್ಟೆ. ಏಳ್ಬ್ಯಾಡಿ." ಆಮೇಲೆ ನನ್ನ ಕೈ ಹಿಡಿದುಕೊಂಡು ತನ್ನ ತಲೆಯ ಮೇಲೆ ಇಟ್ಟುಕೊಂಡ. "ಮಲ್ಲಿ, ನಿನ್ ಬಾಯಿ ನಂಗೊತ್ತು. ನಾನು ಇದ್ರೂ ಸತ್ರೂ ಇದೊಂದು ಮಾತು ನಿನ್ ಬಾಯಿಂದ ಅವ್ಳ ಕಿವಿಗೆ ಬೀಳ್ಕೂಡ್ದು."

ಕೈ ಎಳೆದುಕೊಳ್ಳಲು ನೋಡಿದೆ. ಬಿಡಲಿಲ್ಲ. ಅಕ್ಕ ಚೊಂಬು ಹಿಡಿದು ಬಾಗಿಲಲ್ಲಿ ಕಾಣಿಸಿದಳು. ಡಾಕ್ಟರು ಎದ್ದು ನಿಂತು ನನ್ನ ಮುಖ ನೋಡಿ ಕಣ್ಣು ತಗ್ಗಿಸಿದರು. ನಾನು "ಆಯ್ತು ಬಾವ" ಎಂದೆ. ಅಕ್ಕ ಹೋದ ವರ್ಷ ತೀರಿಕೊಂಡಳು. ಅದಕ್ಕೇ ಈಗ ಹೇಳುತ್ತಿದ್ದೇನೆ.

ಆವತ್ತು ಅಕ್ಕ ಚೊಂಬು ಕೆಳಗಿಡುತ್ತಿದ್ದ ಹಾಗೇ, "ಮುದ್ದಿ, ಕಾಲು ವಾಸಿಯಾಗ್ಲಿ ಅಂತ ಮಾರವ್ವಂಗೆ ಅರಕೆ ಮಾಡ್ಕಂಡಿವ್ನಿ. ವಾಸಿ ಆಗಗಂಟ ಎಲೆಅಡಿಕೆ ಮುಟ್ಟಂಗಿಲ್ಲ" ಎಂದ ಭಾವ. ಅಕ್ಕನ ಮುಖ ಅರಳಿತು. "ಒಳ್ಳೇದಾಯ್ತು. ಅಂಗಾರೆ ವಾಸಿ ಆದ್ಮ್ಯಾಲೆ ತಿನ್ನೀವಂತೆ" ಎಂದು ಮಿಕ್ಕಿದ್ದ ಚೂರನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು. ನಾನು ಆ ಗಂಟನ್ನೇ ನೋಡುತ್ತ ನಿಂತಿದ್ದೆ. ಕೇರಿಯೆಲ್ಲ ಹೆದರುವ ಬಾಯಿ ನನ್ನದು, ಅದಕ್ಕೆ ಯಾರೋ ಮಣ್ಣು ತುರುಕಿದ ಹಾಗಾಯಿತು.

ತಡವಾಗಿತ್ತು. ಹುಣ್ಣು ಪಾದಕ್ಕೆ ಏರಿತು, ಪಾದದಿಂದ ಮೇಲಕ್ಕೆ ಏರಿತು. ಬಲಗಾಲನ್ನೂ ತೆಗೆದರು. ಜ್ವರ ಬಿಡಲಿಲ್ಲ. ನಂಜು ಮೈಗೆಲ್ಲ ಹರಡಿತ್ತು. ಕೊನೆಯ ದಿನಗಳಲ್ಲಿ ಅಕ್ಕ ಅವನ ಅಂಗೈ ತಿಕ್ಕುತ್ತ, "ಬೀಡಿ ಬುಟ್ಟೂ ಇಂಗಾಯ್ತಲ್ಲ ಮಲ್ಲಿ, ಇವ್ರು ಬುಟ್ಟೂ ಇಂಗಾಯ್ತಲ್ಲ" ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಕಣ್ಣು ಮುಚ್ಚಿಕೊಂಡಿದ್ದ ಭಾವ ಅದನ್ನು ಕೇಳಿಸಿಕೊಳ್ಳುತ್ತಿದ್ದ. ನಾನು ಜ್ವರದ ಬಟ್ಟೆ ಬದಲಾಯಿಸುತ್ತಿದ್ದೆ, ನೀರು ಕುಡಿಸುತ್ತಿದ್ದೆ. ಅಷ್ಟು ಓದಿ, ಅಷ್ಟು ತರಬೇತಿ ಪಡೆದು ನನ್ನ ಕೈಲಾದದ್ದು ಅಷ್ಟೇ. ಆಷಾಢದಲ್ಲಿ ಭಾವ ತೀರಿಕೊಂಡ.

ಊರಿಗೆ ತಂದು ಮಣ್ಣು ಮಾಡಿದೆವು. ಮಾರನೆಯ ದಿನ ಅಕ್ಕ ಕೆಮ್ಮಣ್ಣಿಗೆ ಸಗಣಿ ಕಲೆಸಿಕೊಂಡು ಹೋಗಿ ಗುಡ್ಡೆಯ ಮೇಲೆಲ್ಲ ಸಾರಿಸಿದಳು. ಕಲೆಸಿದ ಮಣ್ಣನ್ನು ಬೆರಳಲ್ಲಿ ಹಿಸುಕಿ ಹಿಸುಕಿ ಹರಳು ಹೆಕ್ಕಿ ಎಸೆಯುತ್ತಿದ್ದಳು. ನಾನು ನೀರು ಹಾಕಿದೆ.

ಆ ವರ್ಷದ ಮಾರ್ನಮಿ ಅಮಾಸೆಗೆ ರಜಾ ಹಾಕಿ ಊರಿಗೆ ಹೋದೆ. ಸತ್ತವರಿಗೆ ಎಡೆ ಇಡುವ ಹಬ್ಬ ಅದು. ಸತ್ತವರು ಬದುಕಿದ್ದಾಗ ಏನು ಇಷ್ಟಪಡುತ್ತಿದ್ದರೋ ಅದನ್ನು ಎಡೆಯಲ್ಲಿ ಇಡಬೇಕು. ಅಕ್ಕ ಗೋಡೆಯ ಹತ್ತಿರ ಬಾಳೆಯೆಲೆ ಹಾಕಿ ಮುದ್ದೆ, ಬಾಡಿನೆಸರು, ಹೊಸ ಪಂಚೆ ಎಲ್ಲ ಇಟ್ಟಳು. ಭಾವನ ಚಿಕ್ಕಮ್ಮ ಬೆಟ್ಟಮ್ಮ ಕೋಲೂರಿಕೊಂಡು ಬಂದು ಬಗ್ಗಿ ನೋಡಿದಳು. "ಒಂದ್ ಕಟ್ಟು ಬೀಡಿ ಇಡೇ ಮುದ್ದಿ. ಜೀವ ಬುಡ್ತಿದ್ದ ಅದ್ಕೆ" ಎಂದಳು.

"ಬ್ಯಾಡ ಚಿಕ್ಕತ್ತೆ" ಎಂದಳು ಅಕ್ಕ, ಬಿಗಿಯಾಗಿ. "ಬೀಡಿ ನಾನು ಬುಡ್ಸಿವ್ನಿ. ಅಲ್ಲೋಗಿ ಸೇದಂಗಿಲ್ಲ." ಆಮೇಲೆ ಎಲೆಗೆ ಸುಣ್ಣ ಸವರಿ ಅಡಿಕೆ ಇಟ್ಟಳು. ಸೆರಗಿನ ಗಂಟು ಬಿಚ್ಚಿದಳು. ಆಸ್ಪತ್ರೆಯಲ್ಲಿ ಕಟ್ಟಿಕೊಂಡದ್ದೋ, ಆಮೇಲೆ ತಂದದ್ದೋ, ಕಂದು ಸೊಪ್ಪಿನ ಚೂರುಗಳಿದ್ದವು. ಅಷ್ಟನ್ನೂ ಅಡಿಕೆಯ ಪಕ್ಕ ಒಪ್ಪವಾಗಿ ಜೋಡಿಸಿ ಇಟ್ಟಳು. "ಅರಕೆ ಮುಗೀತಲ್ಲ. ಈಗಲಾದ್ರೂ ತಿನ್ಲಿ" ಎಂದಳು.

ನನ್ನ ಕೈ ಎಡೆಯ ಕಡೆಗೆ ಹೋಯಿತು. ಅಕ್ಕ ತಲೆಯೆತ್ತಿದಳು. "ಯಾಕ್ ಮಲ್ಲಿ, ಏನಾರ ಹೆಚ್ಚುಕಮ್ಮಿ ಆಯ್ತಾ? ನೀನು ಆಸ್ಪತ್ರೆಯವ್ಳು, ನೀನೇ ಏಳು."

"ಇಲ್ಲ ಅಕ್ಕಯ್ಯ. ಎಲ್ಲ ಸರಿಯಾಗೈತೆ" ಎಂದೆ. ಬಾಗಿದ್ದ ದೀಪವನ್ನು ನೇರ ಮಾಡಿದೆ.

ಎಡೆ ಇಟ್ಟ ಮೇಲೆ ಸತ್ತವರು ಬಂದು ಉಣ್ಣಲೆಂದು ಬಾಗಿಲು ಮುಂದಕ್ಕೆ ಎಳೆದುಕೊಂಡು ಎಲ್ಲರೂ ಹೊರಗೆ ಬಂದೆವು. ಅಕ್ಕ, ಬೆಟ್ಟಮ್ಮ, ನಾನು ಜಗಲಿಯ ಮೇಲೆ ಭಾವ ತುಳಿದು ಎಬ್ಬಿಸಿದ ಗೋಡೆಗೆ ಬೆನ್ನು ಕೊಟ್ಟು ಕೂತೆವು. "ಬೀಡಿ ಒಂದು ಬುಡ್ಸಿದ್ನಲ್ಲ ಮಲ್ಲಿ, ಅಷ್ಟಾದ್ರೂ ಮಾಡಿದ್ನಲ್ಲ ಅವ್ರಿಗೆ" ಎಂದಳು ಅಕ್ಕ. ನಾನು ಹೂಂ ಎಂದೆ.